ಭಗವಂತರಾಯನ ಅಂಗಾಲು

ಯಾರೋ ಒಂದು ಹಿಡಿ ಉಪ್ಪು ಎರಚಿದರು, ಕೆಂಡ ಚಟಪಟ ಎಂದಿತು, ಆ ಸದ್ದಿಗೆ ಮೈ ಜುಮ್ಮೆನ್ನಬೇಕಿತ್ತು, ಮೂವತ್ತು ವರ್ಷ ಜುಮ್ಮೆಂದಿತ್ತು ಕೂಡ, ಈಗ ಭಗವಂತರಾಯನ ಎದೆ ಹೊಡೆದುಕೊಳ್ಳುವುದು ಬೇರೆಯೇ ಭಯಕ್ಕೆ — ಮೊಹರಮ್ಮಿನ ಕಡೆಯ ದಿನದ ಬೆಳಗು, ಮಸೂತಿಯ ಮುಂದಿನ ಅಲಾಯಿ ಕುಣಿಯಲ್ಲಿ ಜಾಲಿ ಕೊರಡೆಲ್ಲ ಉರಿದು ಕೆಂಡವಾಗಿದೆ, ಪೀರ ದೇವರನ್ನು ಹೊತ್ತವರಿಗಿಂತ ಮುಂದೆ ಅದಕ್ಕೆ ಇಳಿಯಬೇಕಾದವನು ಅವನು, ಕುರಿ ಕಾಯುವ ಭಗವಂತರಾಯ, ಅವನ ಕೈ ಹಿಡಿದು ದರ್ಜಿ ಉಸ್ಮಾನಸಾಬ, ಅವರಿಬ್ಬರು ಹಾದರೇ ಊರು ಹಾಯುವುದು. ಹಲಗೆಯ ಬಡಿತ ಜೋರಾಯಿತು, ಲೋಬಾನದ ಹೊಗೆ ಕಣ್ಣಿಗೆ ಬಂತು, ಹೊಗೆಯಾಚೆ ಹೆಂಡತಿ ಮಲಕಮ್ಮ, ಬ್ಯಾಡ್ರಿ ಅಂತೀನಿ, ಸಕ್ಕರಿ ಬ್ಯಾನಿ ಅದ ನಿಮಗ, ಡಾಕ್ಟರ್ ಏನ್ ಹೇಳ್ಯಾರ — ಶಹಾಪುರದ ಡಾಕ್ಟರು ಅಂಗಾಲಿನ ಹತ್ತಿರ ಸೂಜಿ ಹಿಡಿದು ಗೊತ್ತಾಗ್ತದೇನ್ರಿ ಎಂದರು, ಹೌದ್ರಿ ಎಂದ, ನಾ ಇನ್ನಾ ಮುಟ್ಟೇ ಇಲ್ಲಲ್ರಿ ಎಂದಿದ್ದರು. ಹೋದ ವರ್ಷ ಕೆಂಡದ ಮೇಲೆ ನಡೆದನೋ ಕುರಿಹಟ್ಟಿಯ ಹುಡಿಯ ಮೇಲೆ ನಡೆದನೋ, ಏನೂ ಇಲ್ಲ, ದಂಡೆಗೆ ಬಂದಾಗ ಊರೆಲ್ಲ ತಬ್ಬಿಕೊಂಡು ಅಳುತ್ತಿತ್ತು, ಬದುವಿನ ಜಗಳಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದ ದುರಗಪ್ಪನೂ ಮೌನಪ್ಪನೂ ಒಬ್ಬರ ಕಾಲಿಗೊಬ್ಬರು ನೀರು ಹಾಕುತ್ತಿದ್ದರು, ಒಂದೇ ಬೆಂಕಿ ಎಲ್ಲರನ್ನೂ ಸುಟ್ಟಿತಲ್ಲ, ಅದಕ್ಕೇ, ಅವನೊಬ್ಬ ಸುಡದೆ ನಿಂತಿದ್ದ, ಅಳುವ ಮುಖ ಮಾಡಿಕೊಂಡು, ಗುರುತಿಲ್ಲದವರ ಮನೆಯ ಸಾವಿಗೆ ಬಂದವನ ಹಾಗೆ. ಈ ಸಲ ಗೊತ್ತಾಗಬಹುದು, ಒಂದು ಹೆಜ್ಜೆಗಾದರೂ, ಸ್ವಲ್ಪ ಹೆಚ್ಚು ಹೊತ್ತು ನಿಂತರೆ — ನಡಿ ಲೇ, ಎಂದ ಉಸ್ಮಾನಸಾಬ, ಇಳಿದರು.

ಒಂದು ಹೆಜ್ಜೆ, ಇಲ್ಲ, ಎರಡು, ಇಲ್ಲ, ಮೊಣಕಾಲಿಗೆ ಝಳ ಬಡಿಯುತ್ತದೆ, ಅದರ ಕೆಳಗೆ ತನ್ನವಲ್ಲದ ಎರಡು ಕಾಲು, ಮೂರನೆಯ ಹೆಜ್ಜೆಗೆ ಉಸ್ಮಾನಸಾಬನ ಬೆರಳು ಅವನ ಬೆರಳನ್ನು ಹಿಂಡಿತು, ಸಡಿಲಾಯಿತು, ಮತ್ತೆ ಹಿಂಡಿತು, ಓ, ಇಲ್ಲಿ ಬೆಂಕಿ ಇದೆ, ಇಲ್ಲಿ ಕಡಿಮೆ, ಇಲ್ಲಿ ಬಹಳ, ಗೆಳೆಯನ ಕೈಯಿಂದಲೇ ಕೆಂಡ ತಿಳಿಯುತ್ತ ನಡೆದ, ಕಣ್ಣಲ್ಲಿ ನೀರು ತಾನಾಗಿ ಬಂತು, ಮುಖ ಮಾಡಿಕೊಂಡದ್ದಲ್ಲ, ನಡುವೆ ನಿಂತುಬಿಟ್ಟ, ತನಗೇ ತಾಕಲಿ, ಇನ್ನೊಂದು ಗಳಿಗೆ — ಆ ಕೈ ಅವನನ್ನು ದಂಡೆಗೆ ಎಳೆದು ಹಾಕಿತು. ಉಸ್ಮಾನಾ, ನಂಗೇನೂ ಗೊತ್ತಾಗವಲ್ದೋ, ವರ್ಷವಿಡೀ ಯಾರಿಗೂ ಹೇಳದ್ದನ್ನು ಹಲಗೆಯ ಸದ್ದಿನೊಳಗೆ ಅವನ ಕಿವಿಗೆ ಹೇಳಿದ. ನಂಗ ಗೊತ್ತದ ಲೇ, ಎಂದ ಉಸ್ಮಾನಸಾಬ, ಹೋದ ವರ್ಷನೇ ಗೊತ್ತಾಗ್ಯದ, ನಿನ್ನ ಕೈ ಹಿಂಡಲೇ ಇಲ್ಲ. ಗೊತ್ತಿದ್ದೂ ಮತ್ತ ಯಾಕ ಬಂದಿ. ನೀ ಬಿಟ್ರ ನಾ ಯಾರ ಕೈ ಹಿಡೀಲಿ. ಹಿಂದೆ ಊರು ಇಳಿಯುತ್ತಿದೆ, ಕೂಗುತ್ತ, ಕೈಗೆ ಕೈ ಸೇರಿಸಿ, ದುರಗಪ್ಪ, ಮೌನಪ್ಪ, ಎಲ್ಲರೂ, ಅವನಿಗೆ ನಗು ಬರುವಂತಿದೆ, ಉಸ್ಮಾನಸಾಬನ ಹೆಗಲಿಗೆ ಒರಗಿದ, ಮಲಕಮ್ಮ ಎಲ್ಲಿ, ಮಲಕಮ್ಮ ಕೆಳಗೆ ಕುಳಿತಿದ್ದಾಳೆ, ಅವನ ಎಡಗಾಲು ಅವಳ ತೊಡೆಯ ಮೇಲಿದೆ, ಯಾವಾಗ ಎತ್ತಿಕೊಂಡಳು, ಅದೂ ತಿಳಿಯಲಿಲ್ಲ, ಹಾ ಎಂದು ಚೀರಿದಳು, ಅವಳು, ಅವನಲ್ಲ, ಅಂಗಾಲಲ್ಲಿ ಹುಗಿದು ಕುಳಿತ ಗೋಲಿಯಷ್ಟು ಕೆಂಡ, ಇನ್ನೂ ಕೆಂಪಗೆ, ಬರಿಗೈಯಿಂದ ಕೀಳುತ್ತಿದ್ದಾಳೆ, ಅದು ಬರುತ್ತಿಲ್ಲ, ಮತ್ತೆ ಬೆರಳಿಡುತ್ತಾಳೆ, ಅವಳ ಬೆರಳು, ಆ ಕೆಂಡ, ಅವಳ ಬೆರಳು.