ಸೊಸೆ ಆರಿಸಿದ ಫ್ರೀಜರ್

ಅಂಗಡಿಯ ಬಾಗಿಲು ತೆರೆದ ಕೂಡಲೇ ಅತ್ತೆಯ ಮೂಗಿಗೆ ವಾಸನೆ ಬಡಿಯಿತು. ಫ್ರೀಜರಿನೊಳಗೆ ಕೈಯಿಟ್ಟು ನೋಡಿದರು. ಕಲ್ಲಿನಂತಿರಬೇಕಾದ ಮೀನು ಬೆರಳೊತ್ತಿದರೆ ಕುಸಿಯುತ್ತಿತ್ತು. ಬೇಸಗೆ ಬಂತೆಂದರೆ ಆ ಮೀನಂಗಡಿಯಲ್ಲಿ ಪ್ರತಿ ವರ್ಷವೂ ಇದೇ ಗೋಳು. ಮೆಕ್ಯಾನಿಕ್ ಬರುವುದು, ಅಳಿದುಳಿದ ಗ್ಯಾಸನ್ನು ಗಾಳಿಗೆ ಬಿಡುವುದು, ಹೊಸದು ತುಂಬಿಸಿ ಹೋಗುವುದು.

ಈ ಸಲವೂ ಮೆಕ್ಯಾನಿಕ್ ಬಂದು ಫ್ರೀಜರಿನ ಹಿಂದೆ ಕೂತರು.

"ಅಣ್ಣ, ಅದನ್ನ ಹೊರಗೆ ಬಿಡಬೇಡಿ," ಎಂದಳು ಸೊಸೆ.

ಅವಳು ಫ್ರಿಜ್ ರಿಪೇರಿಯ ತರಬೇತಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಇಳಿದಿದ್ದಳು. ಸೊಸೆ ಏನು ಮಾಡ್ತಾಳೆ ಎಂದು ಯಾರಾದರೂ ಕೇಳಿದರೆ ಅತ್ತೆ ಮಾತು ತೇಲಿಸಿಬಿಡುತ್ತಿದ್ದರು.

"ಮೀನು ಹಾಳಾಗ್ತಿದೆ ಕಣೇ. ಗಾಳಿಗೆ ಹೋದ್ರೆ ನಿನಗೇನು ಕಷ್ಟ?"

"ಕೆಟ್ಟಿರೋದನ್ನ ಎಸೆದು, ಚೆನ್ನಾಗಿರೋದಕ್ಕೆ ಐಸ್ ಸುರಿಯೋಣ ಅತ್ತೆ. ಈ ಹಳೇ ಗ್ಯಾಸ್ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿ ಹಿಡ್ಕೊಳ್ಳುತ್ತೆ. ವಾಹನದ ಹೊಗೇಲಿರೋ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗಿಂತಲೂ ಹೆಚ್ಚು. ಸೆಕೆ ಏರಿದಷ್ಟೂ ಫ್ರೀಜರ್ ಇನ್ನೂ ಏದುಸಿರು ಬಿಡಬೇಕು."

ಸೊಸೆ ತನ್ನ ಯಂತ್ರ ಜೋಡಿಸಿ ಉಳಿದಿದ್ದ ಗ್ಯಾಸನ್ನು ಒಂದು ಸಿಲಿಂಡರಿಗೆ ಎಳೆದುಕೊಂಡಳು. ಅದನ್ನು ಶುದ್ಧಮಾಡುವ ಕೇಂದ್ರಕ್ಕೆ ಕಳಿಸಬೇಕಿತ್ತು. ಆಮೇಲೆ ಹೊರಗಿನ ಜೋಡಣೆಗಳನ್ನೆಲ್ಲ ಪರೀಕ್ಷಿಸಿದಳು. ಎಲ್ಲೂ ಸೋರಿಕೆ ಇರಲಿಲ್ಲ. ತೂತು ಬಿದ್ದಿದ್ದು ಫ್ರೀಜರಿನ ಗೋಡೆಯೊಳಗೆ ಹುದುಗಿದ್ದ ಪೈಪಿನಲ್ಲಿ. ಅದಕ್ಕೆ ಕೈ ಎಟುಕುವಂತಿರಲಿಲ್ಲ.

"ಇದರ ಆಯಸ್ಸು ಮುಗೀತು ಅತ್ತೆ. ಹೊಸದು ತರೋದಾದ್ರೆ ಪ್ರೊಪೇನ್ ಗ್ಯಾಸಿಂದು ತರೋಣ."

"ಪ್ರೊಪೇನಾ? ಅಡುಗೆ ಗ್ಯಾಸಲ್ಲಿ ಇರೋದೇ ತಾನೇ? ಮೀನು ತಂಪು ಮಾಡು ಅಂದ್ರೆ ಅಂಗಡಿ ಸಮೇತ ಹುರಿಯೋಕೆ ಹೊರಟಿದ್ದೀಯಲ್ಲ."

ಮೆಕ್ಯಾನಿಕ್ ನಕ್ಕರು. ಸೊಸೆಗೂ ನಗು ಬಂತು.

"ಅದಕ್ಕೆ ಬೆಂಕಿ ಹತ್ತುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಒಳಗೆ ಹಾಕೋದು ಒಂದು ಲೋಟ ಸಕ್ಕರೆಯಷ್ಟು ತೂಕ ಕೂಡ ಇರಲ್ಲ. ಕಿಡಿ ಹಾರದ ಹಾಗೆ ಯಂತ್ರವನ್ನೇ ಬೇರೆ ಥರ ಮಾಡಿರ್ತಾರೆ. ಕಲಿತವರೇ ಅದನ್ನ ಮುಟ್ಟಬೇಕು."

"ಹಾಗಾದ್ರೆ ಅದೇ ಗ್ಯಾಸನ್ನ ಇದಕ್ಕೇ ತುಂಬಿಸಿಬಿಡಲಾ?" ಮೆಕ್ಯಾನಿಕ್ ಕೇಳಿದರು.

"ಬೇಡ ಅಣ್ಣ. ಇದರ ಸ್ವಿಚ್ಚು, ತಂತಿ ಯಾವುದೂ ಅದಕ್ಕೆ ಹೊಂದೋದಲ್ಲ. ಅಪಾಯ ಆಗೋದೇ ಅಲ್ಲಿ."

ಅವರು ಹೌದೆಂಬಂತೆ ತಲೆಯಾಡಿಸಿ, "ಆ ಸಿಲಿಂಡರಿಗೆ ಎಳೆಯೋ ಕೆಲಸ ನನಗೂ ಹೇಳಿಕೊಡಮ್ಮ," ಎಂದರು.

ಪ್ರೊಪೇನ್ ಫ್ರೀಜರಿಗೆ ಅತ್ತೆ ಅರೆಮನಸ್ಸಿನಿಂದಲೇ ಒಪ್ಪಿದರು. ಹೊಸ ಫ್ರೀಜರ್ ಬಂದಾಗ ಮೊದಮೊದಲು ದೂರ ನಿಂತು, ಬುಟ್ಟಿಯಲ್ಲಿ ಹಾವಿದೆಯೇನೋ ಎಂಬಂತೆ ಮುಚ್ಚಳ ಎತ್ತುತ್ತಿದ್ದರು. ಮರುವರ್ಷದ ಬೇಸಗೆಯಲ್ಲಿ ರಸ್ತೆಯ ಟಾರೇ ಚಪ್ಪಲಿಗೆ ಅಂಟುವಷ್ಟು ಬಿಸಿಲಿತ್ತು. ಒಂದು ಮೀನೂ ಮೆತ್ತಗಾಗಲಿಲ್ಲ. ಕರೆಂಟ್ ಬಿಲ್ಲೂ ಇಳಿದಿತ್ತು.

ಪಕ್ಕದ ಹಾಲಿನಂಗಡಿಯಾಕೆ ಹೊಸ ಫ್ರೀಜರಿನ ಬಗ್ಗೆ ವಿಚಾರಿಸಲು ಬಂದಾಗ ಅತ್ತೆ ತಕ್ಕಡಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. "ನಮ್ಮ ಸೊಸೇನೇ ನೋಡಿ ತಂದದ್ದು. ಮೋಟಾರಿನ ಸದ್ದು ಕೇಳಿಯೇ ಕಾಯಿಲೆ ಹೇಳ್ತಾಳೆ. ಕಾಯ್ತಾ ಇರಿ, ಈಗ ಬರ್ತಾಳೆ. ಬೇರೆ ಯಾರನ್ನೂ ಕರೀಬೇಡಿ."

ಬಾಗಿಲಲ್ಲಿ ಚೀಲ ಹೊತ್ತು ನಿಂತಿದ್ದ ಸೊಸೆ ಅದನ್ನು ಕೇಳಿಸಿಕೊಂಡಳು. ಒಳಗೆ ಬರಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ನಿಮ್ಮ ಮನೆಯಲ್ಲೂ ಒಂದು ಫ್ರಿಜ್ ಇರಬಹುದು, ಅಂಗಡಿಯಲ್ಲಿ ಒಂದು ಫ್ರೀಜರ್ ಇರಬಹುದು. ರಿಪೇರಿಗೆ ಬಂದವರಿಗೆ ಹಳೆಯ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಸಿಲಿಂಡರಿಗೆ ತುಂಬಿಕೊಳ್ಳಿ ಎಂದು ಹೇಳಿ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಬೇಡಿ. ಹೊಸದು ಕೊಳ್ಳುವಾಗ ಅದರ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಆರ್-290 (ಅಂದರೆ ಪ್ರೊಪೇನ್) ಅಥವಾ ಆರ್-600ಎ (ಐಸೊಬ್ಯೂಟೇನ್) ಎಂದಿದೆಯೇ ನೋಡಿ. ಭೂಮಿಯನ್ನು ಕಡಿಮೆ ಕಾಯಿಸುವ ಗ್ಯಾಸುಗಳು ಅವು. ನಿಮ್ಮ ಊಟ ತಂಪಾಗಿಡುವ ಪೆಟ್ಟಿಗೆ ನಿಮ್ಮ ಬೀದಿಯನ್ನು ಸುಡದಿರಲಿ. ಅದು ನಿಮ್ಮ ಕೈಯಲ್ಲೇ ಇದೆ.