ಐದು ದಿನ ಸಾಹಸ, ಎರಡು ದಿನ ಸೇವೆ

ಇವತ್ತು ಗೋಡೆ ಕೆರೆಯುವುದಿಲ್ಲ ಎಂದುಕೊಂಡ. ತಂತಿ ಬ್ರಷ್ಷನ್ನು ಕಿಟಕಿಯಲ್ಲಿಟ್ಟು ಕೈ ಒರೆಸಿಕೊಂಡ.

ಕೆರೆಯುವುದು ಅವನ ಕೆಲಸದ ಭಾಗವೇ. ಎಂ.ಎ. ಮಾಡಿ ಪ್ರವಾಸದ ಕಂಪನಿಯಲ್ಲಿ ದುಭಾಷಿಯಾಗಿದ್ದ. ದೂರದೇಶದಿಂದ ತಂಡಗಳು ಬಂದಿಳಿಯುತ್ತಿದ್ದವು: ಐದು ದಿನ ಸಾಹಸ, ಎರಡು ದಿನ ಸೇವೆ. ಸಾಹಸವೆಂದರೆ ನದಿ, ಕಾಡು, ಜಿಗಣೆ. ಸೇವೆಯೆಂದರೆ ಮೊದಲ ದಿನ ಮಕ್ಕಳ ಜೊತೆ ಆಟ, ಎರಡನೆಯ ದಿನ ಈ ಶಾಲೆಯ ಈ ಗೋಡೆ. ಒಂದು ತಂಡ ಬಳಿದುಹೋದ ಬಣ್ಣವನ್ನು ಅಲ್ಲಲ್ಲಿ ಕೆರೆದು, ಇನ್ನೊಂದು ತಂಡ ಬರುವ ಹೊತ್ತಿಗೆ ಗೋಡೆಯನ್ನು ಮತ್ತೆ ಬಡವಾಗಿಸಬೇಕು. ಎಷ್ಟು ಕೆರೆದರೂ ಮೂರು ವರ್ಷದಲ್ಲಿ ಬಣ್ಣ ದಪ್ಪಗಟ್ಟಿ ಸ್ವಿಚ್ಚಿನ ಹಲಗೆ ಒಳಕ್ಕೆ ಹೂತುಹೋಗಿತ್ತು. ದೀಪ ಹಾಕಬೇಕಾದರೆ ಬೆರಳು ತೂರಿಸಬೇಕು.

ಶಾಲೆಯ ಹಿಂದೆ ಎರಡು ವರ್ಷದಿಂದ ನಾಲ್ಕು ಸಿಮೆಂಟ್ ರಿಂಗು ಬಿದ್ದಿದ್ದವು. ಹುಡುಗಿಯರ ಪಾಯಿಖಾನೆಯ ಗುಂಡಿಗೆ ಇಳಿಸಲೆಂದು ಬಂದವು. ಗುಂಡಿ ತೋಡುವುದು ಶಾಲೆಯ ಹೊಣೆ ಎಂದು ಇಲಾಖೆ, ಇಲಾಖೆಯ ಹೊಣೆ ಎಂದು ಶಾಲೆ. ರಿಂಗಿನೊಳಗೆ ಆಳೆತ್ತರ ಕಳೆ. ಅವನ ಅಕ್ಕನ ಮಗಳು ಮೂರು ತಿಂಗಳಿಂದ ಶಾಲೆಗೆ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಟ್ಟೆ ಬಿಗಿಹಿಡಿದು ಕೂರುವುದು ಅವಳಿಂದ ಆಗುತ್ತಿರಲಿಲ್ಲ.

ನಿನ್ನೆ ಅಕ್ಕ ಬಟ್ಟೆ ಮಡಚುತ್ತ ಹೇಳಿದ್ದಳು: "ಸಮುದ್ರ ದಾಟಿ ಬಂದವರ ಕೈಲಿ ಗೋಡೆ ಬಳಿಸ್ತೀಯ. ಒಂದು ಗುಂಡಿ ತೋಡಿಸೋಕಾಗಲ್ವೇನೋ?"

"ನೋಡೋಣ ಅಕ್ಕ."

"ನೋಡ್ತಾ ಇರು. ಸೋಮವಾರ ಅವಳ ಹೆಸರು ಹೊಡೆದು ಹಾಕ್ತಾರಂತೆ."

ಹತ್ತು ಗಂಟೆಗೆ ವ್ಯಾನು ಬಂತು. ಒಂಬತ್ತು ಜನ. ಕೆಂಪು ಟೋಪಿಯ ಹೆಂಗಸು ಮುಂದೆ. ಶನಿವಾರ, ಗೋಡೆಯ ದಿನವೆಂದು ಮಕ್ಕಳಿಗೆ ರಜೆ, ಹೆಡ್‌ಮಾಸ್ತರರು ಮಾತ್ರ ಮೆಟ್ಟಿಲ ಮೇಲೆ ನಿಂತು ಎಂದಿನ ಭಾಷಣ ಮಾಡಿದರು. ಈ ಗೋಡೆ ನಮ್ಮ ಮಕ್ಕಳ ಕನಸು, ಅದಕ್ಕೆ ಬಣ್ಣ ತುಂಬಿ. ಮುಗಿಸಿ ಅವನತ್ತ ನೋಡಿದರು.

ಮೂರು ವರ್ಷದಿಂದ ಅವನ ಬಾಯಿಂದ ಬಂದದ್ದೆಲ್ಲ ಬೇರೆಯವರ ಮಾತು. ತಂಡದವರ ಭಾಷೆಯಲ್ಲಿ ತನ್ನದೆನ್ನುವ ಒಂದು ವಾಕ್ಯವನ್ನೂ ಅವನು ಆಡಿರಲಿಲ್ಲ. ಈಗ ಆಡಿದ. ಹೆಡ್‌ಮಾಸ್ತರರು ನಿಮ್ಮಿಂದ ಒಂದು ಗುಂಡಿ ಕೇಳುತ್ತಿದ್ದಾರೆ, ಆರಡಿ ಆಳ, ಎಂದ.

ತಂಡ ಚಪ್ಪಾಳೆ ತಟ್ಟಿತು. ಬ್ರಷ್ಷು ಬಿಟ್ಟು, ಅವನು ಮೊದಲೇ ತಂದಿಟ್ಟಿದ್ದ ಗುದ್ದಲಿಗಳತ್ತ ನಡೆದವರನ್ನು ಕಂಡು ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡರು.

"ನಾನು ಗೋಡೆ ಅಂದೆನಲ್ಲಯ್ಯ?"

"ಅವರಿಗೆ ಗುಂಡಿಯೇ ಬೇಕಂತೆ ಸಾರ್."

"ಹಟ ಮಾಡ್ತಿದ್ದಾರಾ?"

"ಬಹಳ."

ಅವನು ಅಕ್ಕನ ಮಗಳ ಮಾತನ್ನೂ ಎತ್ತಿದ. ಹೆಡ್‌ಮಾಸ್ತರರು ಆರಡಿ ಪೂರ್ತಿ ಆದರೆ ನಾಳೆಯೇ ಆಳು ಕರೆಸಿ ರಿಂಗು ಇಳಿಸುವುದಾಗಿ, ಹುಡುಗಿಯ ಹೆಸರು ಉಳಿಸಿಕೊಳ್ಳುವುದಾಗಿ ಹೇಳಿದರು. ಆಗದಿದ್ದರೆ ತಮ್ಮನ್ನು ಕೇಳಬೇಡ ಎಂದೂ ಹೇಳಿ ಮನೆಗೆ ಹೋದರು.

ಮಧ್ಯಾಹ್ನಕ್ಕೆ ಮೊಣಕಾಲು, ಮೂರಕ್ಕೆ ಸೊಂಟ, ನಾಲ್ಕಕ್ಕೆ ಎದೆ. ಕೆಂಪು ಟೋಪಿಯ ಅಂಗೈಯಲ್ಲಿ ಎದ್ದ ಬೊಬ್ಬೆಯನ್ನು ಎಲ್ಲರೂ ಸರದಿಯಲ್ಲಿ ನಿಂತು ಫೋಟೋ ತೆಗೆದರು. ಇನ್ನು ಎರಡೇ ಅಡಿ ಎನ್ನುವಾಗ ವ್ಯಾನಿನ ಹಾರ್ನು ಕೇಳಿಸಿತು. ವಿಮಾನ ಕಾಯುವುದಿಲ್ಲ.

ಇಲ್ಲಿ ಏನು ಬರುತ್ತದೆ ಎಂದು ಹೊರಡುವಾಗ ಕೆಂಪು ಟೋಪಿ ಕೇಳಿದಳು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು, ಎಂದ. ಆಕೆ ಅದು ಈ ನಾಡಿನ ಗಾದೆಯೆಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡಳು.

ಧೂಳು ಅಡಗುವ ಮೊದಲೇ ಕಂಪನಿಯ ಮ್ಯಾನೇಜರರ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿ ಕಿವಿಗಿಟ್ಟ.

"ಫೋಟೋ ನೋಡಿದೆ ಕಣಯ್ಯ. ಬೆವರು, ಮಣ್ಣು. ಗೋಡೆಯಲ್ಲಿ ಇದೆಲ್ಲ ಎಲ್ಲಿ ಬರುತ್ತೆ? ಇನ್ಮೇಲೆ ಗುಂಡಿನೇ."

"ಇನ್ನೆರಡು ಅಡಿ ಆಗಿಬಿಟ್ಟರೆ ಸಾರ್, ರಿಂಗು..."

"ಮುಗಿಸಿಬಿಟ್ಟರೆ ಮುಂದಿನವರು ಏನು ಮಾಡ್ತಾರೆ? ಸೋಮವಾರ ಹನ್ನೆರಡು ಜನ. ಕತ್ತಲಾಗೋದ್ರೊಳಗೆ ಮುಚ್ಚಿಸು. ಜವಾನನಿಗೂ ಹೇಳಿದೀನಿ."

ಫೋನನ್ನು ತಂತಿ ಬ್ರಷ್ಷಿನ ಪಕ್ಕ ಇಟ್ಟ. ಚಪ್ಪಲಿ ಬಿಚ್ಚಿ ಗುಂಡಿಗೆ ಇಳಿದ. ಗುದ್ದಲಿ ಹಿಡಿದು ಅವನಿಗೆ ಅಭ್ಯಾಸವಿರಲಿಲ್ಲ. ಮೊದಲ ಏಟು ಕಲ್ಲಿಗೆ ಬಿದ್ದು ಮೊಣಕೈವರೆಗೆ ಜುಮ್ಮೆಂದಿತು. ಎರಡನೆಯದು ಮಣ್ಣಿಗೆ ಬಿತ್ತು. ಎರಡಡಿ ಏನು ಮಹಾ ಎನ್ನಿಸಿತು. ಎಷ್ಟೋ ದಿನದ ಮೇಲೆ ಹಗುರಾದ.

ಅಂಚಿನಲ್ಲಿ ಎರಡು ಕಾಲು ಕಂಡವು. ಶಾಲೆಯ ಮುದಿ ಜವಾನ, ಕೈಯಲ್ಲಿ ಸಲಿಕೆ. ಇಷ್ಟು ವರ್ಷ ಇಬ್ಬರೂ ಕೂಡಿಯೇ ಗೋಡೆ ಕೆರೆದಿದ್ದರು.

"ಮೇಲೆ ಬಾರಪ್ಪ."

"ಬರಲ್ಲ."

"ನನಗೆ ಮುಚ್ಚು ಅಂದಿದ್ದಾರೆ."

"ಮುಚ್ಚಿ. ನಾನು ತೋಡ್ತೀನಿ."

ಜವಾನ ಗುಂಡಿಯೊಳಗೆ ಒಮ್ಮೆ ಇಣುಕಿದ. ಅದರಲ್ಲಿ ತಪ್ಪೇನೂ ಕಾಣಲಿಲ್ಲವೆಂದು ತೋರುತ್ತದೆ. ಪ್ಯಾಂಟು ಮಡಚಿಕೊಂಡು ಸಲಿಕೆ ತುಂಬಿದ.

ಮಣ್ಣು ಮೇಲೆ ಹೋಯಿತು, ಕೆಳಗೆ ಬಂತು. ಬಿಸಿಲು ರಿಂಗುಗಳ ಮೇಲಿಂದ ಇಳಿದು, ಕಳೆಯ ತುದಿಗೆ ಬಂದು, ಹೋಯಿತು. ಗುಂಡಿ ಅವನ ಎದೆಯ ಮಟ್ಟಕ್ಕಿತ್ತು. ಬಹಳ ಹೊತ್ತಿನ ಮೇಲೆ ನೋಡಿದಾಗಲೂ ಎದೆಯ ಮಟ್ಟಕ್ಕೇ ಇತ್ತು.

"ತಲೆ ಸ್ವಲ್ಪ ಬಗ್ಗಿಸಪ್ಪ," ಎಂದ ಜವಾನ, ಮೇಲಿನಿಂದ. "ಕಣ್ಣಿಗೆ ಬಿದ್ದೀತು."

ಅವನು ತಲೆ ಬಗ್ಗಿಸಿ ಗುದ್ದಲಿ ಎತ್ತಿದ.