ಮೂರನೆಯ ಬಾಣ

ಬಿಸ್ಕತ್ತಿನ ಡಬ್ಬಿ ಮೇಜಿನ ಸುತ್ತ ಒಂದು ಸಲ ಬಂದು ಮುಚ್ಚಿಕೊಂಡಿತು. ತಲೆಗೊಂದು ಬಿಸ್ಕತ್ತು, ಅಷ್ಟೇ. ಅಧ್ಯಕ್ಷ ಗೆರ್‌ಬ್ರಾಂಡ್ ಮುಚ್ಚಳವನ್ನು ಅಂಗೈಯಿಂದ ಒತ್ತಿ ಡಬ್ಬಿಯನ್ನು ತನ್ನ ಮೊಣಕೈ ಪಕ್ಕಕ್ಕೆ ಎಳೆದುಕೊಂಡ. ಇಪ್ಪತ್ತೆರಡು ವರ್ಷಗಳಲ್ಲಿ ಆ ಮುಚ್ಚಳ ಒಂದೇ ಸಭೆಯಲ್ಲಿ ಎರಡು ಸಲ ತೆರೆದದ್ದನ್ನು ವೀಟ್ಸ್ಕೆ ಹುಕೆಮಾ ಕಂಡಿರಲಿಲ್ಲ. ಯಾವ ವಿಷವನ್ನು ಎಷ್ಟು ಬಳಸಬಹುದು ಎಂದು ದೇಶಕ್ಕೆ ಹೇಳುವ ಸಮಿತಿ ಅದು. ಮಿತಿಯ ಪಾಠ ಬಿಸ್ಕತ್ತಿನಿಂದಲೇ ಶುರುವಾಗುತ್ತಿತ್ತು.

ಹೊರಗೆ ಉತ್ರೆಕ್ಟ್ ನಗರದ ಸೆಪ್ಟೆಂಬರ್ ಮಳೆ. ಸೈಕಲ್ ತುಳಿದು ಬಂದಿದ್ದ ವೀಟ್ಸ್ಕೆಯ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಒದ್ದೆ ಪ್ಯಾಂಟನ್ನು ಅವಳು ಸಹಿಸಬಲ್ಲಳು, ಗೆರ್‌ಬ್ರಾಂಡನ ಮುನ್ನುಡಿಯನ್ನಲ್ಲ.

"ಮೊದಲು ನಮ್ಮ ಕ್ರಮ ಏನು ಅಂತ ಒಂದ್ಸಲ ನೆನಪು ಮಾಡ್ಕೊಳ್ಳೋಣ" ಎಂದ ಅವನು.

"ಗೆರ್‌ಬ್ರಾಂಡ್, ಎಂಟು ವರ್ಷದಿಂದ ನೆನಪು ಮಾಡ್ಕೊಂತಾನೇ ಇದೀವಿ. ನಂಗೆ ಮಾರ್ಚಿಗೆ ನಿವೃತ್ತಿ. ಅಷ್ಟರೊಳಗೆ ಮುಗಿಸ್ತೀಯಾ?"

"ಕ್ರಮ ಅಂದ್ರೆ ಕ್ರಮ" ಎಂದು ಅವನು ಮುಂದುವರಿಸಿದ.

ವೀಟ್ಸ್ಕೆಯ ಎಂಟು ವರ್ಷಗಳ ದುಡಿಮೆ ಪರದೆಯ ಮೇಲೆ ಐದು ಚೌಕ, ನಾಲ್ಕು ಬಾಣಗಳಾಗಿ ನಿಂತಿತ್ತು. ಯಾವುದೋ ರಾಸಾಯನಿಕ ತಾಯಿಯ ಥೈರಾಯ್ಡ್ ಗ್ರಂಥಿಯ ಒಂದು ಕಿಣ್ವದ ಕೈ ಕಟ್ಟುತ್ತದೆ: ಮೊದಲ ಚೌಕ. ಗ್ರಂಥಿಯಲ್ಲಿ ಹಾರ್ಮೋನಿನ ತಯಾರಿಕೆ ಕುಗ್ಗುತ್ತದೆ: ಎರಡನೆಯದು. ರಕ್ತದಲ್ಲಿ ಹಾರ್ಮೋನು ಇಳಿಯುತ್ತದೆ: ಮೂರನೆಯದು. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನಲ್ಲಿ ಇಳಿಯುತ್ತದೆ: ನಾಲ್ಕನೆಯದು. ಆ ಮಗು ಮುಂದೆ ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ: ಕೊನೆಯದು. ನಾಲ್ಕೂ ಬಾಣಗಳಿಗೆ 'ಬಲವಾದದ್ದು' ಎಂಬ ಮುದ್ರೆ ಬಿದ್ದರೆ, ಒಂದು ರಾಸಾಯನಿಕ ಮೊದಲ ಚೌಕದ ಕೆಲಸ ಮಾಡುತ್ತದೆಯೇ ಎಂದು ಗಾಜಿನ ನಳಿಗೆಯಲ್ಲಿ ನೋಡಿದರೆ ಸಾಕು, ಉಳಿದದ್ದನ್ನು ಈ ಚೌಕ-ಬಾಣಗಳ ಹಾದಿಯೇ ಹೇಳುತ್ತದೆ. ಒಂದು ಬಾಣ 'ಮಧ್ಯಮ' ಎಂದಾದರೂ ಇಲಿಗಳ ಮೊರೆ ಹೋಗಬೇಕು: ಸಾವಿರದಿನ್ನೂರು ಇಲಿ, ಮೂರು ವರ್ಷ.

ಮೂರನೆಯ ಬಾಣ, ರಕ್ತದಿಂದ ಮೆದುಳಿಗೆ ಹೋಗುವುದು, ಮಧ್ಯಮವಾಗಿತ್ತು.

ಕಾಯುತ್ತಿದ್ದದ್ದು ಟ್ಯುಲಿಪ್ ಗೆಡ್ಡೆಗಳನ್ನು ನೆಡುವ ಮುನ್ನ ಅದ್ದುವ ಒಂದು ಬೂಷ್ಟುನಾಶಕ. ಅದು ಮೊದಲ ಚೌಕದ ಕೆಲಸ ಮಾಡುತ್ತದೆ ಎಂದು ಗಾಜಿನ ನಳಿಗೆ ಆಗಲೇ ಹೇಳಿತ್ತು. ಅದರ ಪರವಾನಗಿ ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಇವತ್ತು ಹಾದಿ ಒಪ್ಪಿಗೆಯಾದರೆ ಪರವಾನಗಿ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಇಲಿಗಳು ಮುಗಿಸುವವರೆಗೆ, ಅಂದರೆ ಇನ್ನೂ ಮೂರು ನಾಟಿ, ಗೆಡ್ಡೆ ವಿಂಗಡಿಸುವ ಹೆಂಗಸರ ಕೈಗೆ ಅದೇ ನೀರು. ಪೋಲೆಂಡಿನಿಂದ ಬಂದ ಎಳೆಯ ಹೆಂಗಸರು ಅವರು. ವೀಟ್ಸ್ಕೆ ಎರಡು ಸಲ ಅವರು ದುಡಿಯುವ ಶೆಡ್ಡುಗಳಿಗೆ ಹೋಗಿ ನೋಡಿದ್ದಳು. ಒಬ್ಬಳು ಏಳು ತಿಂಗಳ ಬಸುರಿ, ಕೈಗವಸಿನ ಎರಡು ಬೆರಳು ಹರಿದಿದ್ದವು.

"ಬಾಣ ನನ್ನದಲ್ಲ ಅಂತ ಎಷ್ಟು ಸಲ ಹೇಳ್ಲಿ?" ಎಂದಳು ವೀಟ್ಸ್ಕೆ. "ಭಂಡಾರದಿಂದ ತಂದಿದ್ದು. ಮುದ್ರೆ ಸಮೇತ ತರಬೇಕು ಅಂತ ನೀವೇ ನಿಯಮ ಮಾಡಿದ್ದು."

ಅದು ನಿಜ. ಜಗತ್ತಿನ ವಿಷವಿಜ್ಞಾನಿಗಳೆಲ್ಲ ಸೇರಿ ಕಟ್ಟಿದ ಭಂಡಾರದಲ್ಲಿ ಒಂದು ಬಾಣವನ್ನು ಒಂದೇ ಸಲ ಬರೆಯುವುದು. ಬೇಕಾದವರು ಎತ್ತಿಕೊಂಡು ತಮ್ಮ ಹಾದಿಗೆ ಜೋಡಿಸಿಕೊಳ್ಳಬೇಕು. ಈ ಬಾಣವನ್ನು ಹತ್ತು ವರ್ಷದ ಹಿಂದೆ ಪೋರ್ಚುಗಲ್ಲಿನ ಯಾರೋ ಬರೆದಿದ್ದರು. ಹೆಸರಿಲ್ಲದ ಯಾರೋ ಪರಿಶೀಲಕರು ಅದನ್ನು ಮಧ್ಯಮಕ್ಕೆ ಇಳಿಸಿದ್ದರು. ಆಮೇಲೆ ನಾಲ್ಕು ಪ್ರಯೋಗಾಲಯಗಳು ಮೆದುಳಿನಲ್ಲೇ ಹಾರ್ಮೋನು ಅಳೆದು ಬಾಣವನ್ನು ನೆಟ್ಟಗೆ ನಿಲ್ಲಿಸಿದ್ದವು. ಆದರೆ ಮುದ್ರೆ ಬದಲಾಗಬೇಕಾದರೆ ಇಳಿಸಿದವರೇ ಆಕ್ಷೇಪ ವಾಪಸು ಪಡೆಯಬೇಕು.

"ಆ ಪರಿಶೀಲಕರಿಗೆ ಮೂರು ಸಲ ಬರೆದಿದೀವಿ" ಎಂದಳು ಕಾರ್ಯದರ್ಶಿ ಯೋರಿನ್. "ಭಂಡಾರದವರ ಮೂಲಕ. ಉತ್ತರಾನೇ ಇಲ್ಲ."

"ಆ ಕತ್ತೆ ಬದುಕಿದಾನೋ ಇಲ್ವೋ ಅದಾದ್ರೂ ಗೊತ್ತಾ?"

"ಹೆಸರು ನಮಗೂ ತಿಳಿಸಲ್ಲ, ಮೇಡಂ. ಗೋಪ್ಯ."

"ಕತ್ತೆಗೂ ಗೋಪ್ಯ!"

ಎದುರು ಸಾಲಿನಲ್ಲಿ ಬೂಷ್ಟುನಾಶಕದ ಕಂಪನಿಯ ವಿಜ್ಞಾನಿ ಟೈಸ್ ನಕ್ಕ. ಅವನೂ ವೀಟ್ಸ್ಕೆಯೂ ಒಂದೇ ಪ್ರೊಫೆಸರರ ಕೈಯಲ್ಲಿ ಪಳಗಿದವರು. "ಕತ್ತೆ ಅನ್ಬೇಡ ಕಣೇ. ಆ ಆಕ್ಷೇಪ ಓದಿದೀಯಾ? ಚೆನ್ನಾಗಿ ಬರೆದಿದಾನೆ ಪುಣ್ಯಾತ್ಮ. ಪೂರ್ತಿ ಪಠ್ಯ ಕೊಡಿ ಅಂತ ನಾವು ಅರ್ಜಿ ಹಾಕಿದ್ವಿ, ಹೋದ ವಾರ ಕೈಗೆ ಬಂತು. ಯೋರಿನ್, ಸ್ವಲ್ಪ ಪರದೆ ಮೇಲೆ ಹಾಕಮ್ಮ."

ಯೋರಿನ್ ಹಾಕಿದಳು. ವೀಟ್ಸ್ಕೆ ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು, ಹರಿದುಹಾಕುವ ಉತ್ಸಾಹದಲ್ಲೇ ಓದತೊಡಗಿದಳು.

"ರಕ್ತದಲ್ಲಿ ಇಳಿಯಿತು, ಆದ್ದರಿಂದ ಮೆದುಳಿನಲ್ಲೂ ಇಳಿಯಿತು ಎನ್ನುತ್ತಾರೆ ಲೇಖಕರು. ನೆರೆಮನೆಯ ಚಿಮಣಿಯಲ್ಲಿ ಹೊಗೆ ಕಂಡವರು ಒಲೆಯ ಮೇಲೆ ಬಟಾಣಿ ಸೂಪೇ ಕುದಿಯುತ್ತಿದೆ ಎಂದು ಹೇಳಿದಂತಾಯಿತು. ಪಾತ್ರೆಯ ಮುಚ್ಚಳ ತೆಗೆದು ನೋಡಿದವರು ಯಾರು?"

ಮೊದಲ ಸಾಲಿಗೆ ಅವಳ ಬೆನ್ನು ನೆಟ್ಟಗಾಯಿತು. ಬಟಾಣಿ ಸೂಪಿನ ಹೊತ್ತಿಗೆ ಕಿವಿ ಬಿಸಿಯಾಯಿತು. ಆ ಸಾಲನ್ನು ಬರೆದ ದಿನ ಅವಳು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ಅವನು ಬಾಯಲ್ಲಿದ್ದ ಬ್ರೆಡ್ಡು ಉಗುಳುವಷ್ಟು ನಕ್ಕಿದ್ದ. ಆ ವರ್ಷ ಅವಳು ಅರವತ್ತು ಬಾಣಗಳನ್ನಾದರೂ ಪರಿಶೀಲಿಸಿದ್ದಳು, ಬಹುಪಾಲನ್ನು ಮಧ್ಯಮಕ್ಕೆ ಇಳಿಸಿದ್ದಳು. ಆಮೇಲೆ ಭಂಡಾರದವರು ಬಾಣಗಳ ಸಂಖ್ಯೆಯನ್ನೆಲ್ಲ ಬದಲಿಸಿದರು. ಅವಳೂ ಹಳೆಯ ಸಂಸ್ಥೆ ಬಿಟ್ಟಳು. ಮೂರು ಪತ್ರಗಳೂ ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ ಕೊಳೆಯುತ್ತಿರಬೇಕು.

"ಹೇಗಿದೆ?" ಎಂದ ಟೈಸ್. "ನಮ್ಮ ಆಫೀಸಲ್ಲಿ ಇದಕ್ಕೆ ಫ್ರೇಮ್ ಹಾಕಿಸಿದಾರೆ."

"ಚೆನ್ನಾಗಿದೆ" ಎಂದಳು ವೀಟ್ಸ್ಕೆ.

ಗೆರ್‌ಬ್ರಾಂಡ್ ಊಟದ ವಿರಾಮ ಘೋಷಿಸಿದ.

ಕ್ಯಾಂಟೀನಿನಲ್ಲಿ ಚೀಸ್ ಇಟ್ಟ ಬ್ರೆಡ್ಡನ್ನೂ ಒಂದು ಲೋಟ ಮಜ್ಜಿಗೆಯನ್ನೂ ಮುಂದಿಟ್ಟುಕೊಂಡು ಅವಳು ಕಿಟಕಿಯ ಪಕ್ಕ ಕೂತಳು. ನಿಯಮ ಅವಳಿಗೆ ಬಾಯಿಪಾಠ, ಅರ್ಧ ಬರೆದವಳೂ ಅವಳೇ. ಹಾದಿಯ ಒಂದು ಬಾಣವನ್ನು ಪರಿಶೀಲಿಸಿದವರು ಆ ಹಾದಿಯ ಲೇಖಕರಾಗಿರಬಾರದು. 'ಆ ಕತ್ತೆ ನಾನೇ' ಎಂದು ಬಾಯಿಬಿಟ್ಟರೆ ಎಂಟು ವರ್ಷದ ಹಾದಿಯಿಂದ ಅವಳ ಹೆಸರು ಹೋಗುತ್ತದೆ. ಉಳಿಯುವುದು ಎರಡನೆಯ ಲೇಖಕನದು, ಕೆನಡಾದ ಪೆಲ್ಟಿಯೆಯದು. ಕೊನೆಯ ಚೌಕಕ್ಕೆ ಅವನು ಎರಡು ವಾಕ್ಯ ಬರೆದಿದ್ದ, ಅದರಲ್ಲಿ ಒಂದನ್ನು ಅವಳೇ ತಿದ್ದಿದ್ದಳು.

ಬಾಯಿಬಿಡದೆಯೂ ಒಂದು ದಾರಿಯಿತ್ತು. ಹಳೆಯ ಸಂಸ್ಥೆಗೆ ಒಂದು ಫೋನು, ಅಂಚೆಪೆಟ್ಟಿಗೆಯ ಬೀಗ, ನಾಲ್ಕು ಸಾಲಿನ ಉತ್ತರ: 'ಆಕ್ಷೇಪ ವಾಪಸು.' ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಫೋನು ಕೈಗೆ ತೆಗೆದುಕೊಂಡಳು ಕೂಡ. ಆದರೆ ಮುಂದೊಂದು ದಿನ ಟೈಸನ ವಕೀಲರು ಆ ಹೆಸರನ್ನು ಕೆದಕಿ ತೆಗೆದರೆ, ತಾನೇ ಬರೆದು ತಾನೇ ಮುದ್ರೆ ಒತ್ತಿಕೊಂಡ ಹಾದಿ ಎಂದು ನಾಲ್ಕು ಬಾಣಗಳನ್ನೂ ಸೌದೆ ಮಾಡುತ್ತಾರೆ. ಬೂಷ್ಟುನಾಶಕ ಮತ್ತೆ ಗೆಡ್ಡೆ ಅದ್ದುವ ತೊಟ್ಟಿಗೆ ಬರುತ್ತದೆ. ಹರಿದ ಕೈಗವಸು ನೆನಪಾಯಿತು. ಮಜ್ಜಿಗೆ ವಿಪರೀತ ಹುಳಿಯಾಗಿತ್ತು. ಕುಡಿದು ಮುಗಿಸಿದಳು.

ಮಧ್ಯಾಹ್ನ ಎಲ್ಲರೂ ಕೂರುವ ಮೊದಲೇ ಅವಳು ಹೇಳಿದಳು: "ಯೋರಿನ್, ಆಕ್ಷೇಪ ವಾಪಸು ಪಡೆಯೋ ಅರ್ಜಿ ಇದ್ಯಾ?"

"ಇದೆ. ಆದ್ರೆ ಅದನ್ನ ಪರಿಶೀಲಕರೇ ತುಂಬಬೇಕು, ಮೇಡಂ."

"ಕೊಡು. ಆ ಕತ್ತೆ ನಾನೇ."

ಟೈಸ್ ಮೇಜಿಗೆ ಹಣೆ ಹಚ್ಚಿ ಭುಜ ಕುಣಿಯುವಂತೆ ನಕ್ಕ. "ಬಟಾಣಿ ಸೂಪು! ನನಗೆ ಗೊತ್ತಾಗಬೇಕಿತ್ತು! ಪ್ರೊಫೆಸರ್ ಹತ್ರಾನೂ ಹೀಗೇ ಮಾತಾಡ್ತಿದ್ದೆ ನೀನು!"

"ನಕ್ಕು ಮುಗೀತಾ? ಮುಚ್ಚಳ ತೆಗೆದು ನೋಡಿದವರು ಯಾರು ಅಂತ ಕೇಳಿದ್ದೆ. ನಾಲ್ಕು ಜನ ನೋಡಿದಾರೆ. ಅಲ್ಲಿರೋದು ಬಟಾಣಿ ಸೂಪೇ. ಇವತ್ತಿನ ಟಿಪ್ಪಣಿಯಲ್ಲಿ ಬರ್ಕೊಳ್ಳಿ."

ಗೆರ್‌ಬ್ರಾಂಡ್ ಗಂಟಲು ಸರಿಮಾಡಿಕೊಂಡ. "ವೀಟ್ಸ್ಕೆ, ಹಾಗಾದ್ರೆ ಕ್ರಮದ ಪ್ರಕಾರ ಲೇಖಕರ ಪಟ್ಟಿಯಲ್ಲಿ..."

"ಗೊತ್ತು. ಹೊಡೆದು ಹಾಕು."

"ಬೇಕಾದ್ರೆ ಯೋಚನೆಗೆ ಒಂದು ವಾರ..."

"ಗೆರ್‌ಬ್ರಾಂಡ್! ಹೊಡೆದು ಹಾಕು ಮಾರಾಯ!"

ಯೋರಿನ್ ಅರ್ಜಿ ಕೊಟ್ಟಳು. ಏಳು ಪುಟ. ಮೂರನೆಯ ಪುಟದಲ್ಲಿ 'ಉತ್ತರ ತಡವಾದುದಕ್ಕೆ ಕಾರಣ' ಎಂಬ ಕಲಮಿತ್ತು. ವೀಟ್ಸ್ಕೆ ಅಲ್ಲಿ 'ಪರಿಶೀಲಕರನ್ನು ಬೈಯುವುದರಲ್ಲಿ ಮಗ್ನಳಾಗಿದ್ದೆ' ಎಂದು ಬರೆದು ಸಹಿ ಹಾಕಿದಳು. ಮೂರು ಗಂಟೆಗೆ ಮತ ಹಾಕಿದರು. ಒಂಬತ್ತು ಕೈ ಮೇಲೆದ್ದವು, ಎರಡು ಏಳಲಿಲ್ಲ. ಪರದೆಯ ಮೇಲೆ ಮೂರನೆಯ ಬಾಣ ಹಳದಿಯಿಂದ ಹಸಿರಾಯಿತು. ಅದರ ಮೇಲಿನ ತಲೆಬರಹದಲ್ಲಿ ಯೋರಿನ್ ಒಂದು ಹೆಸರನ್ನು ಅಳಿಸಿದಳು. ಪೆಲ್ಟಿಯೆ ಎಡಕ್ಕೆ ಜರುಗಿ ಮೊದಲನೆಯವನಾದ.

ಗೆಡ್ಡೆಗಳಿಗೆ ಈ ಅಕ್ಟೋಬರಿನಿಂದ ಆ ನೀರಿಲ್ಲ.

ಟೈಸ್ ಕಾಗದಗಳನ್ನು ಚೀಲಕ್ಕೆ ತುಂಬುತ್ತ, "ಫ್ರೇಮು ಬೇಕಾ? ನಮಗಿನ್ನು ಉಪಯೋಗ ಇಲ್ಲ" ಎಂದ. ದನಿಯಲ್ಲಿ ನಗು ಅಷ್ಟಾಗಿ ಉಳಿದಿರಲಿಲ್ಲ.

ವೀಟ್ಸ್ಕೆ ಎದ್ದು ಮೇಜಿನ ತುದಿಗೆ ಹೋಗಿ, ಗೆರ್‌ಬ್ರಾಂಡನ ಮೊಣಕೈ ಪಕ್ಕದ ಡಬ್ಬಿಯನ್ನು ಎಳೆದುಕೊಂಡು ಮುಚ್ಚಳ ತೆಗೆದಳು. ಒಂದು ಬಿಸ್ಕತ್ತು ತೆಗೆದು ಕಚ್ಚಿದಳು. ಅಧ್ಯಕ್ಷನ ಬಾಯಿ ತೆರೆಯಿತು, ಅವಳ ಮುಖ ನೋಡಿ ಮುಚ್ಚಿಕೊಂಡಿತು.

"ಇದಕ್ಕೂ ಅರ್ಜಿ ಇದ್ಯಾ?" ಎಂದು ಕೇಳಿ, ಅವಳು ಇನ್ನೊಂದನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಮನೆಗೆ ಹದಿನಾಲ್ಕು ಕಿಲೋಮೀಟರ್, ಎದುರುಗಾಳಿ.